ಟ್ಯೂಬಿಂಗೆನ್‌ಗೆ ಎರಡು ದಿನ ಇಟ್ಟುಕೊಳ್ಳಿ

ಜರ್ಮನಿ ಪ್ರವಾಸ ಅಂದ ಕೂಡಲೇ ನಮ್ಮವರ ಪಟ್ಟಿಗೆ ಮ್ಯೂನಿಕ್, ಬರ್ಲಿನ್, ಬ್ಲ್ಯಾಕ್ ಫಾರೆಸ್ಟ್ ಬಂದುಬಿಡುತ್ತವೆ. ಸ್ಟುಟ್‌ಗಾರ್ಟ್‌ನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಒಂದು ಮಧ್ಯಾಹ್ನ ಟ್ಯೂಬಿಂಗೆನ್‌ಗೂ ಬರುತ್ತಾರೆ. ಸೇತುವೆ ಮೇಲೆ ನಿಂತು ಫೋಟೋ, ಒಂದು ಐಸ್‌ಕ್ರೀಮ್, ಸಂಜೆಯ ರೈಲಿಗೆ ವಾಪಸ್. ನಾನು ಎಂ.ಎಸ್ಸಿ. ಓದಿದ್ದು ಈ ಊರಿನಲ್ಲಿ. ಹಾಗಾಗಿ ಯಾರಾದರೂ ಬರುತ್ತೇವೆ ಅಂದಾಗ ನಾನು ಕೇಳಿಕೊಳ್ಳುವುದು ಒಂದೇ: ದಯವಿಟ್ಟು ಒಂದು ರಾತ್ರಿಯಾದರೂ ಇಲ್ಲಿ ಉಳಿಯಿರಿ. ಈ ಊರಿನ ನಿಜವಾದ ಆಸ್ತಿ ಚಿಕ್ಕ ಚಿಕ್ಕ ವಸ್ತುಗಳಲ್ಲಿದೆ. ಗಡಿಬಿಡಿಯಲ್ಲಿ ಬಂದವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ.

ಸುಮಾರು 90 ಸಾವಿರ ಜನರ ಊರು. ಅದರಲ್ಲಿ ಮೂರರಲ್ಲೊಂದು ಪಾಲು ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಅದಕ್ಕೆ ಬೇರೆಯಾಗಿ ಕ್ಯಾಂಪಸ್ ಗೇಟು, ಕಾಂಪೌಂಡು ಅಂತ ಏನೂ ಇಲ್ಲ. ಊರು ತುಂಬ ಹರಡಿಕೊಂಡಿದೆ. ತರಗತಿಗಳು ನಡೆಯುವ ದಿನಗಳಲ್ಲಿ ಬಂದರೆ ಬೀದಿಗಳಿಗೆ ಜೀವಕಳೆ ಬಂದಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳು ರಜೆಗೆ ಹೋಗಿರುತ್ತಾರೆ. ಆಗ ಊರು ಸ್ವಲ್ಪ ಖಾಲಿ ಖಾಲಿ. ನನ್ನನ್ನು ಕೇಳಿದರೆ ಮೇ ಕೊನೆ ಮತ್ತು ಜೂನ್ ಎಲ್ಲಕ್ಕಿಂತ ಒಳ್ಳೆಯದು. ಬೆಳಕು ರಾತ್ರಿ ಒಂಬತ್ತೂವರೆವರೆಗೂ ಇರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಆದರೆ ಆ ತಿಂಗಳ ಮೊದಲ ವಾರದ ಹೊತ್ತಿಗೆ ಹಳೆ ಊರಿನ ತುಂಬ ಚಾಕೊಲೇಟ್ ಜಾತ್ರೆ ನಡೆಯುತ್ತದೆ. ಚಳಿ ತಡೆಯುವವರಾದರೆ ಅದೂ ಚೆನ್ನ.

ಯಾವ ವಾರ ಬಂದರೂ ಶುಕ್ರವಾರ ಬೆಳಿಗ್ಗೆ ಇಲ್ಲಿರುವ ಹಾಗೆ ನೋಡಿಕೊಳ್ಳಿ. ಕಾರಣ ಸರಳ. ಹಳೆ ಊರಿನ ಚೌಕದ ಸಂತೆ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಕೋಟೆಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ, ಮಂಗಳವಾರ ರಜೆ. ಕವಿ ಹ್ಯೋಲ್ಡರ್ಲಿನ್ ಇದ್ದ ಗೋಪುರಕ್ಕೆ ಮಂಗಳವಾರ, ಬುಧವಾರ ರಜೆ. ಭಾನುವಾರ ಅಂಗಡಿಗಳೆಲ್ಲ ಬಂದ್. ಲೆಕ್ಕ ಹಾಕಿದರೆ ಎಲ್ಲವೂ ಸಿಗುವುದು ಶುಕ್ರವಾರ ಒಂದೇ ದಿನ. ಸಮಯಗಳು ಹಬ್ಬಹರಿದಿನಕ್ಕೆ ಬದಲಾಗುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣಕ್ಕೆ ಇಳಿದವರು ಊರೊಳಗೆ ಹೋಗಬೇಕಾಗಿಲ್ಲ, ಅಲ್ಲಿಂದಲೇ ಟ್ಯೂಬಿಂಗೆನ್‌ಗೆ ನೇರ ಬಸ್ಸಿದೆ. ಮೂರು ನಾಲ್ಕು ಜನ ಒಟ್ಟಿಗೆ ಇದ್ದರೆ ಬಾಡೆನ್-ವ್ಯುರ್ಟೆಂಬೆರ್ಗ್ ಟಿಕೆಟ್ ತೆಗೆದುಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ದಿನವಿಡೀ ಓಡಾಡಬಹುದು. ಕೆಲಸದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ ನಡೆಯುತ್ತದೆ. ವೇಗದ ಐಸಿಇ ರೈಲಿಗೆ ಅದನ್ನು ಹಿಡಿದು ಹತ್ತಬೇಡಿ.

ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ನೆಕ್ಕರ್ ನದಿಯ ಸೇತುವೆ. ಎಲ್ಲರೂ ಫೋಟೋ ತೆಗೆಯುವುದು ಇಲ್ಲೇ. ನೀರಿನ ಅಂಚಿಗೆ ಹಳದಿ, ಗುಲಾಬಿ, ನೀಲಿ ಬಣ್ಣದ ಮನೆಗಳು ಒತ್ತೊತ್ತಾಗಿ ನಿಂತಿವೆ. ಸೇತುವೆಯ ಮಧ್ಯದಿಂದ ಮೆಟ್ಟಿಲಿಳಿದು ನದಿಯ ನಡುಗಡ್ಡೆಗೆ ಹೋಗಿ. ಅಲ್ಲಿ ದೊಡ್ಡ ದೊಡ್ಡ ಪ್ಲೇನ್ ಮರಗಳ ಸಾಲಿದೆ. ಸುಡುಬಿಸಿಲಿನಲ್ಲೂ ಅದರಡಿ ತಂಪು. ಪರೀಕ್ಷೆ ಹತ್ತಿರ ಬಂದಾಗ ನಾನು ಜಾಸ್ತಿ ಓದಿದ್ದು ಲೈಬ್ರರಿಯಲ್ಲಲ್ಲ, ಆ ಮರಗಳ ಕೆಳಗಿನ ಬೆಂಚುಗಳ ಮೇಲೆ.

ಆ ದಡದಲ್ಲಿ ಕಾಣುವ ಹಳದಿ ಗೋಪುರ ಕವಿ ಹ್ಯೋಲ್ಡರ್ಲಿನ್ ಇದ್ದ ಜಾಗ. ಮನಸ್ಸಿನ ಕಾಯಿಲೆಯಾಗಿ ಇಲ್ಲಿನ ಆಸ್ಪತ್ರೆಯಲ್ಲಿದ್ದ ಅವರನ್ನು ವೈದ್ಯರು ಹೆಚ್ಚೆಂದರೆ ಮೂರು ವರ್ಷ ಬದುಕುತ್ತಾರೆ ಅಂತ ಹೇಳಿ ಕಳಿಸಿಬಿಟ್ಟರು. ಅವರನ್ನು ಮನೆಗೆ ಕರೆತಂದದ್ದು ಎರ್ನ್ಸ್ಟ್ ಸಿಮ್ಮರ್ ಎಂಬ ಒಬ್ಬ ಬಡಗಿ. 1807ರಿಂದ 1843ರವರೆಗೆ, ಅಂದರೆ 36 ವರ್ಷ, ಕವಿ ಆ ಮನೆಯಲ್ಲೇ ಬದುಕಿದರು. ಬಡಗಿ ತೀರಿಕೊಂಡ ಮೇಲೂ ಮನೆಯವರು ಅವರನ್ನು ಕೈಬಿಡಲಿಲ್ಲ. ಈಗಿರುವ ಗೋಪುರ 1875ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಜರ್ಮನ್ ಬಾರದವರೂ ಹೋಗಿ. ಅವರ ಕೋಣೆಯ ಕಿಟಕಿಯಿಂದ ನದಿ ನೋಡುವುದಕ್ಕಾದರೂ ಹೋಗಿ.

ಗೋಪುರದ ಬುಡದಲ್ಲೇ ಸ್ಟೋಖರ್‌ಕಾನ್ ದೋಣಿಗಳು ಕಟ್ಟಿರುತ್ತವೆ. ಚಪ್ಪಟೆ ತಳದ ಉದ್ದನೆಯ ಮರದ ದೋಣಿ. ಹಿಂದೆ ನಿಂತವರು ಉದ್ದದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ಬೇಸಿಗೆ ತಿಂಗಳುಗಳಲ್ಲಿ ಒಬ್ಬಿಬ್ಬರಿದ್ದರೂ ಟಿಕೆಟ್ ಕೊಂಡು ಹತ್ತಬಹುದು. ನಡುಗಡ್ಡೆಯ ಸುತ್ತ ಒಂದು ಸುತ್ತು ಹಾಕಿಸುತ್ತಾರೆ, ಸುಮಾರು ಒಂದು ಗಂಟೆ. ಇದನ್ನು ಮಾತ್ರ ತಪ್ಪಿಸಬೇಡಿ. ಬಿಸಿಲು ಇಳಿದ ಮೇಲೆ ಹೋದರೆ ಇನ್ನೂ ಚೆನ್ನ. ಜೂನ್ ಹೊತ್ತಿಗೆ ಬರುವವರು ಫ್ರೋನ್‌ಲೈಖ್‌ನಾಮ್ ಎಂಬ ಕ್ರೈಸ್ತರ ಹಬ್ಬದ ಗುರುವಾರ ಯಾವಾಗ ಅಂತ ನೋಡಿಕೊಳ್ಳಿ. ಅವತ್ತು ಈ ದೋಣಿಗಳ ಪಂದ್ಯ. ಒಬ್ಬರು ಗಳ ಹಿಡಿದರೆ ಉಳಿದವರು ಬರಿಗೈಯಲ್ಲಿ ನೀರು ತಳ್ಳಬೇಕು. ಸೇತುವೆಯ ಕಂಬದ ಹತ್ತಿರ ದೋಣಿಗಳೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ದೊಡ್ಡ ಗದ್ದಲ. ಕೊನೆಗೆ ಬಂದ ತಂಡದವರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು, ಎಲ್ಲರ ಎದುರಿಗೆ. ದಡದಲ್ಲಿ ಜಾಗ ಬೇಕೆಂದರೆ ಬೆಳಿಗ್ಗೆಯೇ ಹೋಗಿ ಕೂರಬೇಕು. ತಿಂಡಿ, ನೀರು, ಟೋಪಿ ಜೊತೆಗಿರಲಿ.

ಸೇತುವೆಯಿಂದ ಮೇಲಕ್ಕೆ ಹತ್ತಿದರೆ ಹಳೆ ಊರು. ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಏರು ಬೇರೆ. ಹೀಲ್ಸ್ ಬೇಡ, ಒಳ್ಳೆಯ ಶೂ ಹಾಕಿ. ದೊಡ್ಡ ಸೂಟ್‌ಕೇಸ್ ಇದ್ದರೆ ನಿಲ್ದಾಣದ ಹತ್ತಿರವೇ ರೂಮು ಮಾಡಿ. ಚೌಕದಲ್ಲಿ 1435ರ ಪುರಭವನವಿದೆ. ಅದರ ಮುಖದ ಮೇಲಿನ ಚಿತ್ರಗಳನ್ನು ವಿಶ್ವವಿದ್ಯಾಲಯಕ್ಕೆ 400 ತುಂಬಿದಾಗ ಬರೆಸಿದರು. ಎಲ್ಲರೂ ಆ ಚಿತ್ರ ನೋಡಿ ಮುಂದೆ ಹೋಗುತ್ತಾರೆ. ನೀವು ತಲೆ ಎತ್ತಿ ಗಡಿಯಾರ ನೋಡಿ.

ಅದು ಖಗೋಳ ಗಡಿಯಾರ. 1511ರಲ್ಲಿ ಯೋಹಾನೆಸ್ ಷ್ಟ್ಯೋಫ್ಲರ್ ಎಂಬ ಗಣಿತಜ್ಞರು ಮಾಡಿದ್ದು. ಸೂರ್ಯನಿಗೊಂದು ಮುಳ್ಳು, ಚಂದ್ರನಿಗೊಂದು ಮುಳ್ಳು, ಸುತ್ತ ಹನ್ನೆರಡು ರಾಶಿಗಳು. ಇದರ ಜೊತೆಗೆ ಡ್ರ್ಯಾಗನ್ ಆಕಾರದ ಇನ್ನೊಂದು ಮುಳ್ಳಿದೆ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳನ್ನು ಅದು ತೋರಿಸುತ್ತದೆ. ನಮ್ಮ ಪಂಚಾಂಗದ ರಾಹು ಕೇತು ಇವೇ ಅಲ್ವಾ? ಸೂರ್ಯ, ಚಂದ್ರರ ಮುಳ್ಳುಗಳು ಡ್ರ್ಯಾಗನ್ ಮುಳ್ಳಿನ ಹತ್ತಿರ ಬಂದರೆ ಗ್ರಹಣದ ಕಾಲ ಅಂತ ಅರ್ಥ. ನಮ್ಮಲ್ಲಿ ಹಾವು ಅಂದದ್ದನ್ನು ಅವರು ಡ್ರ್ಯಾಗನ್ ಅಂದರು, ಅಷ್ಟೇ. ಪಂಚಾಂಗ ನೋಡುವ ಅಪ್ಪ, ಅಜ್ಜ ಜೊತೆಗಿದ್ದರೆ ಈ ಗಡಿಯಾರದ ಕೆಳಗೆ ಅರ್ಧ ಗಂಟೆ ನಿಲ್ಲಿಸಿ. ಅವರಿಗೆ ಬೇರೆ ಗೈಡ್ ಬೇಕಾಗುವುದಿಲ್ಲ.

ಚೌಕದಿಂದ ಇನ್ನೂ ಮೇಲಕ್ಕೆ ಹೋದರೆ ಹೋಹೆನ್‌ಟ್ಯೂಬಿಂಗೆನ್ ಕೋಟೆ. ನನ್ನ ಮಟ್ಟಿಗೆ ಇಡೀ ಊರಿನ ಜೀವ ಇಲ್ಲಿದೆ. ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಹಿಮಯುಗದ ಪುಟ್ಟ ಕೆತ್ತನೆಗಳಿವೆ. ಷ್ವೇಬಿಷೆ ಆಲ್ಬ್ ಬೆಟ್ಟಸಾಲಿನ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕವು, ವಯಸ್ಸು 35 ರಿಂದ 40 ಸಾವಿರ ವರ್ಷ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಕುದುರೆ ಐದು ಸೆಂಟಿಮೀಟರ್ ಕೂಡ ಇಲ್ಲ, ನಮ್ಮ ಹೆಬ್ಬೆರಳಿನಷ್ಟು. ಗಾಜಿನ ಹತ್ತಿರ ಬಗ್ಗಿ ನೋಡಿ. ಕಾಲುಗಳು ಮುರಿದುಹೋಗಿವೆ. ಆದರೆ ಕತ್ತು ಬಾಗಿರುವ ರೀತಿ ನೋಡಿದರೆ ಮಾಡಿದವರು ಕುದುರೆಯನ್ನು ಎಷ್ಟು ಹೊತ್ತು ನೋಡಿರಬೇಕು ಅನಿಸುತ್ತದೆ. 2006ರಲ್ಲಿ ಅದೇ ಗುಹೆಯ ಹಳೆಯ ಮಣ್ಣನ್ನು ಮತ್ತೆ ಜರಡಿ ಹಿಡಿದಾಗ ಒಂದು ಪುಟ್ಟ ಮ್ಯಾಮತ್ ಗೊಂಬೆ ಸಿಕ್ಕಿತು. ತೂಕ ಏಳೂವರೆ ಗ್ರಾಂ. ಈ ಗುಹೆ ಮತ್ತು ಆ ಭಾಗದ ಇಂಥ ಬೇರೆ ಗುಹೆಗಳು 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು.

ಅದೇ ಕೋಟೆಯ ಹಳೆ ಅಡುಗೆಮನೆಗೆ ತಪ್ಪದೆ ಹೋಗಿ. ಜೀವಶಾಸ್ತ್ರ ಓದಿದವರಿಗೆ ಇದು ಕಾಶಿ. ಹತ್ತೊಂಬತ್ತನೇ ಶತಮಾನದಲ್ಲಿ ಆ ಅಡುಗೆಮನೆಯನ್ನು ವಿಶ್ವವಿದ್ಯಾಲಯ ಪ್ರಯೋಗಾಲಯ ಮಾಡಿಕೊಂಡಿತ್ತು. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಸ್ವಿಸ್ ಯುವಕ ಆಸ್ಪತ್ರೆಯಿಂದ ಗಾಯದ ಬ್ಯಾಂಡೇಜುಗಳನ್ನು ತರಿಸಿ, ಅದರಲ್ಲಿನ ಕೀವಿನಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೇಂದ್ರದಿಂದ ಒಂದು ಹೊಸ ವಸ್ತುವನ್ನು ತೆಗೆದರು. ಅದಕ್ಕೆ ನ್ಯೂಕ್ಲಿಯಿನ್ ಅಂತ ಹೆಸರಿಟ್ಟರು. ಇವತ್ತು ನಾವು ಡಿಎನ್ಎ ಅನ್ನುವುದು ಅದನ್ನೇ. ಅವರು ಮುಂದೆ ಸಾಲ್ಮನ್ ಮೀನಿನಿಂದ ತೆಗೆದ ನ್ಯೂಕ್ಲಿಯಿನ್ ಇರುವ ಒಂದು ಸಣ್ಣ ಗಾಜಿನ ನಳಿಗೆಯನ್ನು ಇಲ್ಲಿ ಇಟ್ಟಿದ್ದಾರೆ. ತಳದಲ್ಲಿ ಸ್ವಲ್ಪ ಪುಡಿ, ಮೇಲೆ ಕೈಬರಹದ ಚೀಟಿ. ಪಾಠದಲ್ಲಿ ಒಂದು ಸಾಲಾಗಿ ಓದಿದ್ದ ಸಂಗತಿ ಕಣ್ಣೆದುರಿಗೆ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಒಳಗೆ ಹೋಗುವ ಮುಂಚೆ ಈ ಕಥೆ ಹೇಳಿ, ಆಮೇಲೆ ತೋರಿಸಿ.

ವಯಸ್ಸಾದವರಿಗೆ ಕೋಟೆಯ ಏರು ಕಷ್ಟ. ಚೌಕದಿಂದ ಹತ್ತು ನಿಮಿಷವೇ ಆದರೂ ಕಡಿದಾಗಿದೆ. ನಿಧಾನವಾಗಿ ಹತ್ತಿಸಿ, ಮಧ್ಯೆ ಕೂರಿಸಿ. ಮೇಲಿನ ಅಂಗಳದಲ್ಲಿ ಕುಳಿತುಕೊಳ್ಳಲು ಜಾಗವಿದೆ, ಸುತ್ತಲಿನ ಊರೆಲ್ಲ ಕಾಣುತ್ತದೆ.

ಕನ್ನಡದವರಿಗೆ ಈ ಊರು ಇನ್ನೊಂದು ಕಾರಣಕ್ಕೆ ಹತ್ತಿರ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲೇ. ಖಗೋಳಜ್ಞ ಕೆಪ್ಲರ್, ತತ್ವಜ್ಞಾನಿ ಹೆಗೆಲ್ ಓದಿದ ಷ್ಟಿಫ್ಟ್ ಎಂಬ ಹಳೆಯ ಧರ್ಮಶಾಸ್ತ್ರ ವಿದ್ಯಾಲಯ ನದಿಯ ಹತ್ತಿರದ ಬೀದಿಯಲ್ಲಿ ಈಗಲೂ ನಡೆಯುತ್ತಿದೆ. ಇನ್ನು ಫರ್ಡಿನಾಂಡ್ ಕಿಟೆಲ್. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ಓಡಾಡಿ ಬೆಳೆದವರಿಗೆ ಇಲ್ಲಿ ನಡೆಯುವಾಗ ಏನನಿಸಬಹುದು ಅಂತ ನಾನು ಹೇಳಬೇಕಾಗಿಲ್ಲ. ದೊಡ್ಡ ಚರ್ಚಿನ ಎದುರಿಗೆ ಹೆಕ್ಕೆನ್‌ಹೌಯರ್ ಎಂಬ ಹಳೆಯ ಪುಸ್ತಕದಂಗಡಿಯ ಕಟ್ಟಡ ಇದೆ. ಲೇಖಕ ಹರ್ಮನ್ ಹೆಸ್ಸೆ ಹುಡುಗನಾಗಿದ್ದಾಗ, 1895ರಿಂದ ನಾಲ್ಕು ವರ್ಷ, ಅಲ್ಲಿ ಕೆಲಸ ಮಾಡಿದರು. ಅವರ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಹೆಸ್ಸೆಯ ತಾಯಿಯ ತಂದೆ. ಗುಂಡರ್ಟ್ ಓದಿದ್ದೂ ಟ್ಯೂಬಿಂಗೆನ್‌ನಲ್ಲೇ. ನಮ್ಮ ಕರಾವಳಿಗೂ ಈ ಪುಟ್ಟ ಊರಿಗೂ ಎಷ್ಟು ನಂಟು ನೋಡಿ.

ಊಟದ ವಿಷಯ. ಸಸ್ಯಾಹಾರಿಗಳು ಕೇಸೆಷ್ಪೆಟ್ಸ್ಲೆ ಕೇಳಿ. ಮೊಟ್ಟೆ ಹಾಕಿದ ಮೈದಾಹಿಟ್ಟಿನ ಗಿಡ್ಡ ಶಾವಿಗೆ, ಮೇಲೆ ಕರಗಿದ ಚೀಸು, ಹುರಿದ ಈರುಳ್ಳಿ. ಬಿಸಿಯಾಗಿದ್ದಾಗಲೇ ತಿನ್ನಬೇಕು. ಮೌಲ್‌ಟಾಷೆನ್ ನಮ್ಮವರಿಗೆ ಕಡುಬಿನ ಹಾಗೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಒಳಗೆ ಮಾಂಸ ಇರುತ್ತದೆ. ತರಕಾರಿಯದ್ದು ಬೇಕೆಂದರೆ ಗೆಮ್ಯೂಸೆ ಅಂತ ಹೇಳಿ. ಈ ಕಡೆ ಎಚ್ಚರ ಬೇಕಾದದ್ದು ಆಲೂಗಡ್ಡೆ ಸಲಾಡ್ ಮತ್ತು ಫ್ಲೆಡ್ಲೆ ಸೂಪು. ನೋಡಲು ಸಸ್ಯಾಹಾರ, ಆದರೆ ಹಾಕುವುದು ಮಾಂಸದ ಸಾರು. ‘ಓನೆ ಫ್ಲೈಷ್‌ಬ್ರ್ಯುಯೆ?’ (ಮಾಂಸದ ಸಾರು ಇಲ್ಲದ್ದಾ?) ಅಂತ ಕೇಳಿಯೇ ಆರ್ಡರ್ ಮಾಡಿ. ಬೇಳೆ ಅಂತ ಲಿನ್ಸೆನ್ ತರಿಸಿದರೂ ಹಾಗೇ, ಅದರಲ್ಲಿ ಹಂದಿಮಾಂಸದ ಚೂರು ಇರಬಹುದು.

ಇನ್ನೊಂದು, ಈ ಊರಿನಲ್ಲಿ 2022ರಿಂದ ಬಿಸಾಡುವ ಕಪ್ಪು, ತಟ್ಟೆಗೆ ತೆರಿಗೆ ಇದೆ. ಕಾಫಿಯನ್ನು ಪೇಪರ್ ಕಪ್ಪಿನಲ್ಲಿ ತೆಗೆದುಕೊಂಡರೆ 50 ಸೆಂಟ್ ತೆರಿಗೆ. ಒಂದು ಡಬ್ಬಿ, ಒಂದು ಲೋಟ ಬ್ಯಾಗಿನಲ್ಲಿಟ್ಟುಕೊಂಡರೆ ಆಯಿತು. ನಲ್ಲಿ ನೀರು ಕುಡಿಯಬಹುದು. ಸಣ್ಣ ಅಂಗಡಿ, ಸಂತೆಗಳಲ್ಲಿ ಕಾರ್ಡ್ ನಡೆಯದೆ ಇರಬಹುದು, ಸ್ವಲ್ಪ ನಗದು ಇರಲಿ.

ಎರಡನೇ ದಿನಕ್ಕೆ ಎರಡು ದಾರಿ. ನಡೆಯಲು ಆಗದವರು ಜೊತೆಗಿದ್ದರೆ ಬಸ್ಸಿನಲ್ಲಿ ಬೇಬೆನ್‌ಹೌಸೆನ್‌ಗೆ ಹೋಗಿ, ಕಾಲು ಗಂಟೆಯ ದಾರಿ. ಕಾಡಿನ ಅಂಚಿನಲ್ಲಿ ಎಂಟು ನೂರು ವರ್ಷ ಹಳೆಯ ಮಠ. ಆಮೇಲೆ ಅದರ ಒಂದು ಭಾಗ ರಾಜರ ಬೇಟೆಯ ಅರಮನೆಯಾಯಿತು. ವ್ಯುರ್ಟೆಂಬೆರ್ಗ್‌ನ ಕೊನೆಯ ರಾಜ ಪದವಿ ಬಿಟ್ಟ ಮೇಲೆ ಇಲ್ಲೇ ಇದ್ದು, 1921ರಲ್ಲಿ ತೀರಿಕೊಂಡ. ಅರಮನೆಯ ಭಾಗವನ್ನು ಗೈಡ್ ಜೊತೆಗೇ ನೋಡಬೇಕು, ಸಮಯ ಕೇಳಿಕೊಂಡು ಹೋಗಿ.

ಕಾಲು ಗಟ್ಟಿಯಿದ್ದರೆ ನನ್ನ ಆಯ್ಕೆ ವುರ್ಮ್ಲಿಂಗೆನ್ ಬೆಟ್ಟದ ಚರ್ಚು. ಕೋಟೆಯ ಹಿಂಬಾಗಿಲಿನಿಂದಲೇ ಕಾಲುದಾರಿ ಶುರು. ಷ್ಪಿಟ್ಸ್‌ಬೆರ್ಗ್ ಗುಡ್ಡದ ನೆತ್ತಿಯ ಮೇಲೆ ಕಾಡಿನೊಳಗೆ ಸಾಗುತ್ತದೆ. ಹೆಚ್ಚೆಂದರೆ ಎರಡು ಗಂಟೆ. ಕೊನೆಯಲ್ಲಿ ಕಾಡು ಮುಗಿದು ದ್ರಾಕ್ಷಿ ತೋಟಗಳು ಬರುತ್ತವೆ, ಎದುರಿಗೆ ಬೋಳು ಗುಡ್ಡದ ತುದಿಯಲ್ಲಿ ಪುಟ್ಟ ಬಿಳಿ ಚರ್ಚು. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ ಷ್ವೇಬಿಷೆ ಆಲ್ಬ್ ಬೆಟ್ಟಸಾಲು ಉದ್ದಕ್ಕೂ ಕಾಣುತ್ತದೆ. ದಾರಿಯಲ್ಲಿ ಅಂಗಡಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಶುಕ್ರವಾರ ಸಂಜೆಯೇ ಬ್ರೆಡ್ಡು, ಹಣ್ಣು ಕೊಂಡಿಟ್ಟುಕೊಂಡು ಶನಿವಾರ ಬೆಳಿಗ್ಗೆ ಹೊರಡಿ. ವಾಪಸ್ ನಡೆಯಲು ಮನಸ್ಸಿಲ್ಲದಿದ್ದರೆ ಕೆಳಗಿನ ಹಿರ್ಷೌ ಹಳ್ಳಿಗೆ ಇಳಿದರೆ ಬಸ್ಸಿದೆ. ಭಾನುವಾರವಾದರೆ ಬಸ್ಸು ಕಮ್ಮಿ, ಮೇಲಿಂದ ಇಳಿಯುವ ಮುಂಚೆಯೇ ವೇಳೆ ನೋಡಿಕೊಂಡುಬಿಡಿ.