26 ರಂಗೋಲಿ, ಒಂದೇ ಫೋಟೋ

ಧನುರ್ಮಾಸದಲ್ಲಿ ಅಮ್ಮ ದಿನಾ ಬೆಳಗ್ಗೆ ಬಾಗಿಲಿಗೆ ಹಾಕೋ ರಂಗೋಲಿನ ಮೊಬೈಲಲ್ಲಿ ಹೊಡ್ಕೊಂಡು ಇಟ್ಟಿದ್ದೆ, ಏನೂ ಪ್ಲಾನ್ ಇರ್ಲಿಲ್ಲ, ಸುಮ್ನೆ. ಮಧ್ಯೆ ಕೆಲವು ದಿನ ನಾನು ಏಳೋ ಹೊತ್ತಿಗೆ ಪೇಪರ್ ಹುಡುಗನ ಸೈಕಲ್ ಹರಿದು ಅಳಿಸಿಹೋಗಿತ್ತು, ಹಾಗಾಗಿ ಸಿಕ್ಕಿದ್ದು 26.

ಪೆಪ್ ವೆಂಟೋಸಾ ಅಂತ ಒಬ್ರು ಫೋಟೋಗ್ರಾಫರ್ ಇದಾರೆ, ಮರಕ್ಕೆ ಪ್ರದಕ್ಷಿಣೆ ಹಾಕ್ದಂಗೆ ಸುತ್ತ ನಡ್ಕೊಂಡು ಹತ್ತಾರು ಫೋಟೋ ತೆಗೆದು ಎಲ್ಲಾನೂ ಕಂಪ್ಯೂಟರಲ್ಲಿ ಒಂದರ ಮೇಲೊಂದು ಕೂರಿಸ್ತಾರೆ, ನೋಡಿದ್ರೆ ಮರ ನಡುಗ್ತಿದೆ ಅನ್ಸುತ್ತೆ. ನಾನ್ಯಾಕೆ ರಂಗೋಲಿಗೆ ಹಂಗೆ ಮಾಡ್ಬಾರ್ದು ಅಂತ ಗಿಂಪ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರ್ ಓಪನ್ ಮಾಡ್ದೆ (ದುಡ್ಡಿಲ್ದೆ ಸಿಗುತ್ತೆ).

ಒಂದೊಂದು ಫೋಟೋನೂ ಒಂದೊಂದು ಲೇಯರ್ (ಪದರ) ಮಾಡಿ ಪೇರಿಸ್ದೆ, ಅವು ಒಂದರೊಳಗೊಂದು ಬೆರೆಯೋಕೆ ಮೊದ್ಲು ಮಲ್ಟಿಪ್ಲೈ ಮೋಡ್ ಹಾಕಿ ಕೆಟ್ಟೆ. ಅದು ಹೆಸರಿಗೆ ತಕ್ಕಂಗೆ ಗುಣಾಕಾರ ಕಣ್ರೀ, ಬಿಳಿ ಅಂದ್ರೆ 1, ಕಪ್ಪು ಅಂದ್ರೆ 0, ನೀರು ಹಾಕಿ ತೊಳ್ದಿರೋ ಕಲ್ಲು ಬೂದು ಬಣ್ಣ ಅಂದ್ರೆ ಹೆಚ್ಚುಕಮ್ಮಿ ಅರ್ಧ, ಅರ್ಧ ಇಂಟು ಅರ್ಧ ಕಾಲು, ಕಾಲು ಇಂಟು ಅರ್ಧ ಅರೆಕಾಲು, ಹಿಂಗೇ ಇಳಿದು ಇಳಿದು ಆರನೇ ಲೇಯರಿಗೇ ಸ್ಕ್ರೀನೆಲ್ಲಾ ಇದ್ದಲು. ಬಿಳಿ ಪೇಪರ್ ಮೇಲಿನ ಕಪ್ಪು ಗೆರೆಗೆ ಅದು ಸರಿ, ನಮ್ದು ಉಲ್ಟಾ. ಆಮೇಲೆ ಲೈಟನ್ ಹಾಕ್ದೆ, ಎರಡರಲ್ಲಿ ಯಾವ್ದು ಬೆಳ್ಳಗಿದ್ಯೋ ಅದನ್ನೇ ಉಳಿಸ್ಕೊಳುತ್ತೆ, ಆದ್ರೆ 26 ದಿನದ ಗೆರೆ ಎಲ್ಲಾ ಉಳಿದ್ರೆ ಏನಾಗುತ್ತೆ, ರಂಗೋಲಿ ಡಬ್ಬಿ ಬೋರಲು ಬಿದ್ದಂಗೆ.

ಕೊನೆಗೆ ಕೈ ಹಿಡಿದಿದ್ದು ಮಾಮೂಲಿ ಅಪಾಸಿಟಿ, ಅಂದ್ರೆ ಒಂದು ಲೇಯರ್ ತನ್ನ ಕೆಳಗಿರೋದನ್ನ ನೂರಕ್ಕೆ ಎಷ್ಟು ಪಾಲು ಮುಚ್ಚಬೇಕು ಅನ್ನೋ ಲೆಕ್ಕ. ಕೆಳಗಿನ ಲೇಯರ್ 100, ಅದರ ಮೇಲಿಂದು 50, ಆಮೇಲೆ 33, 25, 20, ಹಿಂಗೇ ಒಂದನ್ನ ಎಷ್ಟನೇ ಲೇಯರೋ ಅಷ್ಟರಿಂದ ಭಾಗಿಸ್ತಾ ಹೋದ್ರೆ ಎಲ್ಲಾ ದಿನಕ್ಕೂ ಸಮಪಾಲು, 26ನೇದು 4ರ ಹತ್ರ ಬಂತು. ಎಲ್ಲಾದಕ್ಕೂ 50 ಇಟ್ರೆ ಕೊನೇ ದಿನದ್ದೇ ಅರ್ಧ ನುಂಗ್ಬಿಡುತ್ತೆ. ಕೈಯಲ್ಲಿ ಹಿಡಿದು ತೆಗ್ದಿದ್ದು ಬೇರೆ, ಒಂದೊಂದೂ ಒಂದೊಂದು ಕಡೆ ವಾಲಿತ್ತು, ಮೆಟ್ಲಿನ ಮುರಿದ ಮೂಲೆ ಗುರುತಿಟ್ಕೊಂಡು ಒಂದೊಂದೇ ಜರುಗಿಸಿ ತಿರುಗಿಸಿ ಕೂರಿಸೋಷ್ಟರಲ್ಲಿ ರಾತ್ರಿ ಒಂದೂವರೆ.

ಬಂದಿದ್ದು ಏನಂದ್ರೆ, ಗೆರೆ ಒಂದೂ ಇಲ್ಲ, ಬರೀ ಮಂಜು, ಆ ಮಂಜಿನ ನಡುವೆ ಒಂದೇ ಒಂದು ಚುಕ್ಕಿ ಮಾತ್ರ ಅಚ್ಚ ಬಿಳಿ. ಅಮ್ಮ ಎಳೇ ಬಿಸಿಲಿರ್ಲಿ ಕತ್ತಲಿರ್ಲಿ ಯಾವ ರಂಗೋಲಿ ಹಾಕಿದ್ರೂ ಮೊದಲ ಚುಕ್ಕಿ ಅದೇ ಜಾಗದಲ್ಲಿ, ಚಪ್ಪಡಿಯ ಬಿರುಕು ಎಲ್ಲಿ ಕವಲೊಡೆಯುತ್ತೋ ಅಲ್ಲೇ ಇಟ್ಟಿದಾಳೆ!

ತೋರಿಸ್ದೆ. ಕನ್ನಡಕ ಹಾಕ್ಕೊಂಡು ನೋಡಿ "ಹೌದಾ, ನಂಗೇ ಗೊತ್ತಿಲ್ಲ ನೋಡು" ಅಂದ್ಳು. ಆಮೇಲೆ, "ಇದನ್ನ ನಾನ್ ಹಾಕಿದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡ."