ಫೋರ್ ಟ್ವೆಂಟಿ ಹಾಕಿ!

ಕಾರವಾರದ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟವನ ಕಿವಿಗೆ ಜಾಸ್ತಿ ಬೀಳುವ ಮಾತು ಒಂದೇ: 'ಅವನ ಮೇಲೆ ಫೋರ್ ಟ್ವೆಂಟಿ ಹಾಕಿ.' ಹೆಸರು, ವಿಳಾಸ, ಏನಾಯ್ತು ಎಲ್ಲ ಆಮೇಲೆ. ಮೊದಲು ಸೆಕ್ಷನ್ ಬೇಕು. ಅದನ್ನು ಹಾಕುವವರು ಪೊಲೀಸರು, ವಕೀಲರು, ನಾನು ಬರೀ ಕೀಲಿ ಒತ್ತುವವನು ಅಂದರೆ ಮುಖ ಸಣ್ಣ ಮಾಡುತ್ತಾರೆ.

ಮೋಸಕ್ಕೆ ನಮ್ಮಲ್ಲಿ ಮಾತಿನ ಬರ ಇಲ್ಲ. ಟೋಪಿ ಹಾಕಿದ, ನಾಮ ಹಾಕಿದ, ದಗಾ ಮಾಡಿದ. ಆದರೆ ಇವೆಲ್ಲ ಮಾಡಿದ ಕೆಲಸದ ಮಾತು. ಫೋರ್ ಟ್ವೆಂಟಿ ಹಾಗಲ್ಲ, ಅದು ಮನುಷ್ಯನಿಗೇ ಅಂಟುತ್ತದೆ. 'ಅಂವ ದೊಡ್ಡ ಫೋರ್ ಟ್ವೆಂಟಿ' ಅಂದರೆ ಮುಗೀತು, ಏನು ಮಾಡಿದ ಅಂತ ಯಾರೂ ಕೇಳುವುದಿಲ್ಲ. ಸಾಮಾನಿಗೂ ಅಂಟುತ್ತದೆ. ವಾರಕ್ಕೇ ಕೆಟ್ಟ ಚಾರ್ಜರ್ ಫೋರ್ ಟ್ವೆಂಟಿ ಮಾಲು. ಹೋಮ್‌ವರ್ಕ್ ಆಯ್ತು ಅಂತ ಸುಳ್ಳು ಹೇಳಿ ಕ್ರಿಕೆಟ್ಟಿಗೆ ಓಡಿದ ಮೊಮ್ಮಗನನ್ನೂ ನಮ್ಮ ಅಮ್ಮ ಇದೇ ಹೆಸರಿನಿಂದ ಕೂಗುತ್ತಾಳೆ. ಅಲ್ಲಿ ಮಾತ್ರ ಅದು ಮುದ್ದಿನ ಬೈಗುಳ.

ನಂಬರ್ ಬಂದದ್ದು ಭಾರತೀಯ ದಂಡ ಸಂಹಿತೆಯಿಂದ. 1860ರಲ್ಲಿ ಆದ ಕಾನೂನು, ಜಾರಿಗೆ ಬಂದದ್ದು 1862ರ ಜನವರಿ 1ಕ್ಕೆ. ಮೋಸ ಅಂದರೇನು ಅಂತ ಅದರಲ್ಲಿ ಹೇಳುತ್ತಿದ್ದ ಸೆಕ್ಷನ್ 415. ಮೋಸ ಮಾಡಿ ದುಡ್ಡೋ ಆಸ್ತಿಯೋ ಪಡೆದುಕೊಂಡರೆ 420, 7 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಇಲ್ಲೇ ಊರಿನ ಅರ್ಥಕ್ಕೂ ಕೋರ್ಟಿನ ಅರ್ಥಕ್ಕೂ ದಾರಿ ಬೇರೆಯಾಗುವುದು. ಒಬ್ಬ ಬರುತ್ತಾನೆ. ಭಾವನಿಗೆ ಬೋಟಿನ ಇಂಜಿನ್ ರಿಪೇರಿಗೆ ಸಾಲ ಕೊಟ್ಟಿದ್ದ. ಭಾವ ಒಂದಿಷ್ಟು ತಿಂಗಳು ತೀರಿಸಿದ, ಮೀನು ಸಿಗದೆ ಬಿಟ್ಟ. ಈಗ ಫೋನ್ ಎತ್ತುವುದಿಲ್ಲ. ಇನ್ನೊಬ್ಬಳು ಬರುತ್ತಾಳೆ. ನೇವಿ ಬೇಸ್‌ನಲ್ಲಿ ಮಗನಿಗೆ ಕೆಲಸ ಕೊಡಿಸುತ್ತೇನೆ ಅಂತ ಯಾರೋ ದುಡ್ಡು ಇಸಿದುಕೊಂಡು ನಕಲಿ ಆರ್ಡರ್ ಕೊಟ್ಟಿದ್ದಾನೆ. ಇಬ್ಬರ ಬಾಯಲ್ಲೂ ಒಂದೇ ಮಾತು. ಕಾನೂನು ಕೇಳುವುದು ಮಾತ್ರ ಬೇರೆ: ದುಡ್ಡು ತೆಗೆದುಕೊಳ್ಳುವಾಗಲೇ ಮೋಸದ ಮನಸ್ಸಿತ್ತಾ? ಆರ್ಡರ್ ಕೊಟ್ಟವನಿಗೆ ಇತ್ತು, ಆ ಕಾಗದವೇ ಹೇಳುತ್ತದೆ. ಭಾವನಿಗೆ? ಮಾತು ತಪ್ಪಿದ, ನಿಜ. ಅದು ಸಿವಿಲ್ ದಾವೆ, ಜೈಲಿನ ವಿಷಯ ಅಲ್ಲ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ನಂಬಿ ಒಪ್ಪಿಸಿದ್ದನ್ನು ಆಮೇಲೆ ನುಂಗಿದರೆ ಅದು ನಂಬಿಕೆ ದ್ರೋಹ, ಅದೇ ದಂಡ ಸಂಹಿತೆಯಲ್ಲಿ 406 ಆಗಿತ್ತು. ಆ ನಂಬರ್ ಯಾಕೋ ಯಾರ ಬಾಯಿಗೂ ಹತ್ತಲಿಲ್ಲ ನೋಡಿ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಈಗ ಅದೇ ಅಪರಾಧ 318ರ 4ನೇ ಉಪಕಲಂ. ಅದಕ್ಕಿಂತ ಮೊದಲು ನಡೆದದ್ದಕ್ಕೆ ಇವತ್ತೂ 420 ಅಂತಲೇ ಟೈಪ್ ಮಾಡುತ್ತೇನೆ. ಹೊಸದಕ್ಕೆ 318(4) ಅಂತ ಹೊಡೆದರೆ ಜನಕ್ಕೆ ಸಮಾಧಾನ ಇಲ್ಲ. 'ಫೋರ್ ಟ್ವೆಂಟಿ ಎಲ್ಲಿ?' ಅಂತ ಹಾಳೆಯಲ್ಲಿ ಬೆರಳಿಟ್ಟು ಹುಡುಕುತ್ತಾರೆ. 'ತ್ರೀ ಎಯ್ಟೀನ್ ಬ್ರಾಕೆಟ್ ಫೋರ್' ಅಂತ ಯಾರು ಯಾರನ್ನು ಬೈದಾರು? ಬೈದು ಮುಗಿಸುವಷ್ಟರಲ್ಲಿ ಅವನು ಅಂಕೋಲಾ ದಾಟಿರುತ್ತಾನೆ.

ಹೆಚ್ಚಿನವರಿಗೆ ಬೇಕಾದದ್ದು ಜೈಲಲ್ಲ, ದುಡ್ಡು. ಹಾಗಾಗಿ ನಾನು ಮೊದಲು ಕೇಳುವುದು 'ಚೆಕ್ ಇದೆಯಾ' ಅಂತ. ಇದ್ದು, ಬೌನ್ಸ್ ಆಗಿದ್ದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕವನಿಗೆ ದುಡ್ಡು ಕಟ್ಟಲು 15 ದಿನ. ಕಟ್ಟದಿದ್ದರೆ 138ರ ಕೇಸು, ಅದು ದಂಡ ಸಂಹಿತೆಯದಲ್ಲ, ಚೆಕ್ಕಿನ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ ಸೆಕ್ಷನ್. ಕೋರ್ಟಿನ ಸುತ್ತಮುತ್ತ 'ಒನ್ ಥರ್ಟಿ ಎಯ್ಟ್' ಅನ್ನುವುದೂ ಈಗ ಬಳಕೆಗೆ ಬಂದಿದೆ, ಆದರೆ ಬರೀ ಕೇಸಿನ ಹೆಸರಾಗಿ. 'ಅಂವ ಒಂದು ಒನ್ ಥರ್ಟಿ ಎಯ್ಟ್' ಅಂತ ಬೈದದ್ದನ್ನು ನಾನಿನ್ನೂ ಕೇಳಿಲ್ಲ.