ಕೌಂಟರ್‌ಟೆನರ್ ಕೆಲಸ: ಒಪ್ಪಿಕೊಳ್ಳುವ ಮುಂಚೆ ಕೆಳಗಿನ ಸ್ವರ ನೋಡಿ

ಹೊಸ ಪಾತ್ರವೊಂದು ಬಂದಾಗ ಎಳೆಯ ಕೌಂಟರ್‌ಟೆನರ್‌ಗಳು (ಆಲ್ಟೋ ಎತ್ತರದಲ್ಲಿ, ಅಂದರೆ ಹೆಂಗಸರ ತಗ್ಗುದನಿಯ ಮಟ್ಟದಲ್ಲಿ ಹಾಡುವ ಗಂಡಸರು) ಮೊದಲು ಹುಡುಕುವುದು ಅತಿ ಎತ್ತರದ ಸ್ವರ ಯಾವುದೆಂದು. ಆದರೆ ಹಾಡು ಕೆಡುವುದು ಹೆಚ್ಚಾಗಿ ಕೆಳಗಡೆ. ಅವರು ಹಾಡುವ ಫಾಲ್ಸೆಟೋದಲ್ಲಿ, ಅಂದರೆ ಗಂಡಸಿನ ಮೇಲಿನ ಹಗುರ ದನಿಯಲ್ಲಿ, ಧ್ವನಿತಂತುಗಳ ತೆಳುವಾದ ಅಂಚು ಮಾತ್ರ ಕಂಪಿಸುತ್ತದೆ. ಮಧ್ಯದ ಸಿ ಸ್ವರದ ಆಸುಪಾಸಿಗೆ ಇಳಿದರೆ ದನಿಯಲ್ಲಿ ಬರೀ ಗಾಳಿ ಉಳಿಯುತ್ತದೆ. ಅಲ್ಲಿಂದ ಎದೆದನಿಗೆ, ಅಂದರೆ ಮಾತಾಡುವಾಗಿನ ಸಹಜ ದನಿಗೆ, ದಾಟಿಕೊಳ್ಳಲೇಬೇಕು. ದಾಟುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಕಡೆ. ನಿಮ್ಮ ಆ ಜಾಗದಲ್ಲೇ ಸುತ್ತಾಡುವ ಸಾಲುಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ ನೋಡಿ, ಆಮೇಲೆ ಏಜೆಂಟ್‌ಗೆ ಹೂಂ ಅನ್ನಿ.

ಎರಡನೆಯದು ಶ್ರುತಿ. ಬರೋಕ್ (17–18ನೇ ಶತಮಾನದ) ವಾದ್ಯಗಳ ತಂಡಗಳು ಸಾಮಾನ್ಯವಾಗಿ ಎ ಸ್ವರವನ್ನು 415 ಹರ್ಟ್ಸ್‌ಗೆ ಕೂಡಿಸುತ್ತವೆ, ಫ್ರೆಂಚ್ ಕೃತಿಗಳಿಗೆ ಎಷ್ಟೋ ಸಲ 392ಕ್ಕೆ. ಆಧುನಿಕ ಆರ್ಕೆಸ್ಟ್ರಾ 440ರ ಸುತ್ತ. 415 ಅಂದರೆ ಸುಮಾರು ಅರ್ಧ ಸ್ವರದ ಇಳಿಕೆ. ಮೇಲಿನ ಸ್ವರಕ್ಕೆ ಹಾಯೆನಿಸುವ ಈ ಇಳಿಕೆಯೇ ಕೆಳಗಿನ ಸಾಲನ್ನು ದಾಟುವ ಜಾಗದೊಳಕ್ಕೆ ತಳ್ಳುತ್ತದೆ. ಹಾಗಾಗಿ ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಒಂದು ಹಂತ ಇಳಿಸಿಟ್ಟು ಮೊದಲ ದಿನದಿಂದಲೂ ಅದೇ ಶ್ರುತಿಯಲ್ಲಿ ಕಲಿಯಿರಿ.

ಪಾತ್ರವನ್ನು ಯಾರ ಗಂಟಲಿಗೆ ಬರೆದದ್ದು ಎಂಬುದೂ ಮುಖ್ಯ. 1724ರಲ್ಲಿ ಲಂಡನ್ನಿನಲ್ಲಿ ಹ್ಯಾಂಡೆಲ್ ‘ಜೂಲಿಯೋ ಚೇಸರೆ’ ಒಪೆರಾದ ಸೀಸರನ ಪಾತ್ರ ಬರೆದದ್ದು ಕ್ಯಾಸ್ಟ್ರಾಟೋ (ದನಿ ಒಡೆಯದಂತೆ ಬಾಲ್ಯದಲ್ಲೇ ಬೀಜ ತೆಗೆಸಿದ ಗಾಯಕ) ಸೆನೆಸೀನೋಗೆ. ಎಂಟು ಆರಿಯಾ (ಒಬ್ಬರೇ ಹಾಡುವ ಹಾಡು), ಒಂದೇ ರಾತ್ರಿ. ಸಂಗೀತಕಾರ ಬೆಂಜಮಿನ್ ಬ್ರಿಟನ್ 1960ರ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಒಪೆರಾದ ಓಬೆರಾನ್ ಪಾತ್ರ ಬರೆದದ್ದು ಕೌಂಟರ್‌ಟೆನರ್ ಆಲ್ಫ್ರೆಡ್ ಡೆಲ್ಲರ್ ಅವರ ಮೆದು ದನಿಗೆ, ಮೊದಲು ಹಾಡಿದ್ದು ಇಂಗ್ಲೆಂಡಿನ ಆಲ್ಡ್‌ಬರಾದ ಪುಟ್ಟ ಜುಬಿಲಿ ಹಾಲ್‌ನಲ್ಲಿ. ಅದೇ ಪಾತ್ರ ದೊಡ್ಡ ಒಪೆರಾ ಹೌಸ್‌ಗೆ ಬಂದಾಗ ಕೆಳಗಿನ ಸಾಲುಗಳು ಹಿಂದಿನ ಸೀಟಿಗೆ ಮುಟ್ಟುವುದಿಲ್ಲ. ಅಲ್ಲಿ ಬಲ ಹಾಕಿದರೆ ದನಿ ಒಡೆಯುತ್ತದೆ. ವ್ಯಂಜನ ಸ್ಪಷ್ಟ ಮಾಡಿ, ಸ್ವರಾಕ್ಷರ ಕಿರಿದಾಗಿಸಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣ ಪರೀಕ್ಷೆ ಒಪೆರಾದಲ್ಲಿಲ್ಲ, ಬಾಖ್‌ನ ಸಂತ ಯೋಹಾನನ ಪ್ಯಾಶನ್‌ನಲ್ಲಿದೆ (ಪ್ಯಾಶನ್ ಅಂದರೆ ಕ್ರಿಸ್ತನ ಯಾತನೆ, ಮರಣಗಳನ್ನು ಹಾಡಿ ಹೇಳುವ ಕೃತಿ). ಆಲ್ಟೋಗೆ ಎರಡೇ ಆರಿಯಾ: ಒಂದು ಶುರುವಿನಲ್ಲೇ, ಎರಡು ಓಬೋ ಜೊತೆ, ಇನ್ನೊಂದು, ‘ಎಸ್ ಇಸ್ಟ್ ಫೋಲ್‌ಬ್ರಾಖ್ಟ್’ (‘ಎಲ್ಲವೂ ಮುಗಿಯಿತು’), ಕ್ರಿಸ್ತ ಪ್ರಾಣ ಬಿಡುವ ಹೊತ್ತಿಗೆ. ನಡುವೆ ಬಹಳ ಹೊತ್ತು ಸುಮ್ಮನೆ ಕೂರಬೇಕು. ಗಂಟಲು ತಣ್ಣಗಾಗಿರುವಾಗ ವಿಯೋಲಾ ದ ಗಾಂಬಾ (ಕಾಲುಗಳ ನಡುವೆ ಹಿಡಿದು ನುಡಿಸುವ ತಂತಿವಾದ್ಯ) ಜೊತೆ ನಿಧಾನವಾಗಿ, ತಗ್ಗಿನಲ್ಲಿ ಹಾಡಲು ಏಳಬೇಕು. ಮಧ್ಯದಲ್ಲಿ ಥಟ್ಟನೆ ಡಿ ಮೇಜರ್, ತಂತಿವಾದ್ಯಗಳ ಅಬ್ಬರ, ಯೆಹೂದದ ವೀರನ ವಿಜಯ. ಅದು ನಿಂತ ಕೂಡಲೇ ಮತ್ತೆ ಮೊದಲಿನ ಮೆಲುದನಿ. ಆ ವಿಜಯದ ಭಾಗದಲ್ಲಿ ಎದೆದನಿಯ ಭಾರ ಹೇರಿದವರಿಗೆ ಕೊನೆಯ ಸಾಲು ಬಿರುಕು ಬಿಡುತ್ತದೆ, ಏಕೆಂದರೆ ದಪ್ಪಗಾದ ತಂತು ಒಂದು ಉಸಿರಿನಲ್ಲಿ ತೆಳುವಾಗುವುದಿಲ್ಲ. ಅಬ್ಬರವನ್ನು ಪಿಟೀಲುಗಳಿಗೆ ಬಿಡಿ. ನಿಮ್ಮದು ಚುರುಕು ತಾಳ, ಚೂಪು ಉಚ್ಚಾರ ಅಷ್ಟೇ. ಕೂತಿರುವಾಗ ಕಂಡಕ್ಟರ್ ಒಪ್ಪಿದರೆ ಕೋರಾಲ್‌ಗಳನ್ನು (ನಡುನಡುವೆ ಬರುವ ಸ್ತೋತ್ರಗಳನ್ನು) ಗಾಯಕವೃಂದದ ಜೊತೆ ಮೆಲ್ಲಗೆ ಹಾಡಿಕೊಳ್ಳಿ, ತಂತು ಬೆಚ್ಚಗಿರುತ್ತದೆ.

ದುಡ್ಡಿನ ಲೆಕ್ಕವೂ ಚರ್ಚಿನ ಪಂಚಾಂಗದ ಮೇಲೆ ನಿಂತಿದೆ. ಈಸ್ಟರ್‌ಗೆ ಮುಂಚೆ ಪ್ಯಾಶನ್‌ಗಳು, ಡಿಸೆಂಬರ್‌ನಲ್ಲಿ ಹ್ಯಾಂಡೆಲ್‌ನ ‘ಮೆಸ್ಸಾಯ’. ಒಪೆರಾ ಸಿಕ್ಕಿದಾಗ ಸಿಕ್ಕಿತು. ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳಲ್ಲಿ ಆಲ್ಟೋ ಹಾಡುವವರಿಗೆ ಕಾಯಂ ಸಂಬಳವುಂಟು, ಆದರೆ ಸಂಜೆಯ ಪ್ರಾರ್ಥನೆಗಳು ನಿಮ್ಮ ದಿನಚರಿಯನ್ನು ಕಟ್ಟಿಹಾಕುತ್ತವೆ.

‘ಮೆಸ್ಸಾಯ’ ಒಪ್ಪುವಾಗ ಒಂದು ಎಚ್ಚರ. ‘ಬಟ್ ಹೂ ಮೇ ಅಬೈಡ್’ ಹಾಡನ್ನು ಹ್ಯಾಂಡೆಲ್ 1750ರಲ್ಲಿ ಕ್ಯಾಸ್ಟ್ರಾಟೋ ಗ್ವಾದಾನ್ಯಿಗಾಗಿ ಹೊಸದಾಗಿ ಬರೆದ. ಬೆಂಕಿಯ ಸಾಲುಗಳನ್ನು ವೇಗವಾಗಿ ಹಾಡುವ ಭಾಗ ಸೇರಿದ್ದು ಆಗಲೇ. ಕೆಲವು ಕಂಡಕ್ಟರ್‌ಗಳು ಅದನ್ನು ಬಾಸ್ ಗಾಯಕರಿಗೆ ಕೊಡುತ್ತಾರೆ, ಕೆಲವರು ಆಲ್ಟೋಗೆ. ಯಾವ ಆವೃತ್ತಿ, ಆ ಆರಿಯಾ ಯಾರದು, ಶ್ರುತಿ ಎಷ್ಟು ಎಂಬ ಮೂರನ್ನೂ ಕರಾರಿಗೆ ಸಹಿ ಹಾಕುವ ಮುಂಚೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ.